ಮೊದಲ ಸಲಕ್ಕೂ ಏಳನೆಯ ಸಲಕ್ಕೂ ನಡುವೆ

1991ರ ಡಿಸೆಂಬರ್. ಅಮೆರಿಕದ ಮೊಂಟಾನಾ ರಾಜ್ಯದ ಕ್ಯಾಲಿಸ್ಪೆಲ್ ಎಂಬ ಊರಿನಲ್ಲಿ ಕೊಕೇನ್ ಕೊಳ್ಳಲು ಹೋದ ಬೇಸ್‌ಬಾಲ್ ಆಟಗಾರನೊಬ್ಬ ಸಿಕ್ಕಿಬಿದ್ದ. ಹೆಸರು ಸ್ಟೀವ್ ಹೌ, ವಯಸ್ಸು 33, ನ್ಯೂಯಾರ್ಕ್ ಯಾಂಕೀಸ್ ತಂಡದ ಎಡಗೈ ಪಿಚರ್. ಪಿಚರ್ ಎಂದರೆ ನಮ್ಮ ಬೌಲರ್ ಇದ್ದ ಹಾಗೆ. ಅದರಲ್ಲೂ ಸ್ಟೀವ್ ಪಂದ್ಯದ ಕೊನೆಯ ಗಳಿಗೆಯಲ್ಲಿ ಬಂದು ಗೆಲುವನ್ನು ಕಾಯುವವನು, ನಮ್ಮ ಲೆಕ್ಕದಲ್ಲಿ ಕೊನೆಯ ಓವರಿನ ಬೌಲರ್. 1980ರಲ್ಲಿ ಲಾಸ್ ಏಂಜಲಿಸ್ ಡಾಡ್ಜರ್ಸ್ ಪರ ಆಡಿ ನ್ಯಾಷನಲ್ ಲೀಗ್‌ನ ಆ ವರ್ಷದ ಅತ್ಯುತ್ತಮ ಹೊಸ ಆಟಗಾರ ಎನಿಸಿಕೊಂಡಿದ್ದ. ಮರುವರ್ಷ ವರ್ಲ್ಡ್ ಸೀರೀಸ್ ಎಂಬ ಫೈನಲ್ ಸರಣಿಯ ನಿರ್ಣಾಯಕ ಪಂದ್ಯವನ್ನು ಮುಗಿಸಿಕೊಟ್ಟ ಕೈ ಅವನದೇ. ಎದುರಾಳಿ ಅಂದು ಇದೇ ಯಾಂಕೀಸ್.

1992ರ ಜೂನ್‌ನಲ್ಲಿ ಸ್ಟೀವ್ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡ. ಅದೇ ತಿಂಗಳು ಬೇಸ್‌ಬಾಲ್ ಕಮಿಷನರ್ ಫೇ ವಿನ್ಸೆಂಟ್ ಅವನ ಮೇಲೆ ಆಜೀವ ನಿಷೇಧ ಹೇರಿದರು. ಮಾದಕ ವಸ್ತು ಮತ್ತು ಕುಡಿತದ ಕಾರಣಕ್ಕೆ ಅವನು ಆಟದಿಂದ ಹೊರಬಿದ್ದದ್ದು ಅದು ಏಳನೆಯ ಸಲ.

ಏಳು ಸಲ ಎಂದು ಕೇಳಿದೊಡನೆ ನಮ್ಮೊಳಗಿನ ಪಂಚರು ತೀರ್ಪು ಕೊಟ್ಟುಬಿಡುತ್ತಾರೆ. ಇಷ್ಟು ಅವಕಾಶ ಕೊಟ್ಟದ್ದೇ ಹೆಚ್ಚಾಯಿತು. ಗಾರೆ ಕೆಲಸದವನೋ ಬಸ್ ಚಾಲಕನೋ ಆಗಿದ್ದರೆ ಎರಡನೆಯ ಸಲಕ್ಕೇ ಮನೆಗೆ ಕಳಿಸುತ್ತಿದ್ದರು. ಚೆಂಡು ಎಸೆಯಲು ಬರುತ್ತದೆ ಅಂತ ತಾನೇ ಇಷ್ಟು ಮುದ್ದು? ಈ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ನಾನೂ ಮೊದಲು ಹಾಗೆಯೇ ಅಂದುಕೊಂಡಿದ್ದೆ. ಆ ಆಜೀವ ನಿಷೇಧ ಐದೇ ತಿಂಗಳಲ್ಲಿ ಬಿದ್ದುಹೋಯಿತು. ಏಕೆ ಬಿತ್ತು ಎಂದು ಓದಿದ ಮೇಲೆ ನನ್ನ ಎಣಿಕೆ ತಲೆಕೆಳಗಾಯಿತು.

ಬೇಸ್‌ಬಾಲ್‌ನಲ್ಲಿ ಲೀಗ್‌ಗೂ ಆಟಗಾರರ ಸಂಘಕ್ಕೂ ತಕರಾರು ಬಂದಾಗ ಮಧ್ಯಸ್ಥರೊಬ್ಬರು ಕುಳಿತು ತೀರ್ಮಾನಿಸುತ್ತಾರೆ. ಆಗ ಆ ಜಾಗದಲ್ಲಿದ್ದವರು ಜಾರ್ಜ್ ನಿಕೊಲೌ. 1992ರ ನವೆಂಬರ್‌ನಲ್ಲಿ ಅವರು ನಿಷೇಧವನ್ನು ರದ್ದು ಮಾಡಿದರು. ಅಷ್ಟು ಹೊತ್ತಿಗೆ ವಿನ್ಸೆಂಟ್ ತಂಡಗಳ ಮಾಲೀಕರ ಮುನಿಸಿಗೆ ಗುರಿಯಾಗಿ ರಾಜೀನಾಮೆ ಕೊಟ್ಟಾಗಿತ್ತು, ಅದು ಬೇರೆ ಕತೆ. ನಿಕೊಲೌ ಎರಡು ಸಂಗತಿಗಳನ್ನು ಮುಖ್ಯವಾಗಿ ಹಿಡಿದರು. ಸ್ಟೀವ್‌ಗೆ ಒಂದೆಡೆ ಮನಸ್ಸು ನಿಲ್ಲದ ತೊಂದರೆ, ವೈದ್ಯರು ಎಡಿಎಚ್‌ಡಿ ಎನ್ನುತ್ತಾರಲ್ಲ ಅದು ಇತ್ತು. ಅಷ್ಟು ವರ್ಷ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಎರಡನೆಯದು ಲೀಗ್‌ನ ಬಾಗಿಲಿಗೇ ಬರುವಂಥದು. 1990ರಲ್ಲಿ ಸ್ಟೀವ್‌ನನ್ನು ಮತ್ತೆ ಆಡಲು ಬಿಡುವಾಗ ಲೀಗ್‌ಗೆ ಸಲಹೆ ಕೊಟ್ಟ ವೈದ್ಯರು ಒತ್ತಿ ಹೇಳಿದ್ದರು: ಇವನನ್ನು ಬಿಡದೆ ಪರೀಕ್ಷಿಸುತ್ತಿರಬೇಕು, ವರ್ಷವಿಡೀ, ಆಟವಿಲ್ಲದ ತಿಂಗಳುಗಳಲ್ಲೂ. ಲೀಗ್ ಅದನ್ನು ಹೇಳಿದಂತೆ ನಡೆಸಲಿಲ್ಲ. ಬೇಸ್‌ಬಾಲ್ ಋತು ಅಕ್ಟೋಬರ್‌ಗೆ ಮುಗಿಯುತ್ತದೆ. ಸ್ಟೀವ್ ಬಿದ್ದದ್ದು ಡಿಸೆಂಬರ್‌ನಲ್ಲಿ.

ಮತ್ತೆ ಮತ್ತೆ ಮಾದಕ ವಸ್ತು ಸೇವಿಸಿ ಸಿಕ್ಕಿಬೀಳುವವರನ್ನು ವೃತ್ತಿಪರ ಲೀಗ್‌ಗಳು ಅಮಾನತು ಮಾಡಬೇಕೆ ಎಂಬ ಪ್ರಶ್ನೆ ಬಂದಾಗಲೆಲ್ಲ ಮಾತು ಆಟಗಾರನ ಸುತ್ತಲೇ ತಿರುಗುತ್ತದೆ. ಅವನು ಎಷ್ಟು ಸಲ ತಪ್ಪಿದ, ಎಷ್ಟು ಕೋಟಿ ಪಡೆಯುತ್ತಿದ್ದ, ಮಕ್ಕಳಿಗೆ ಎಂಥ ಮಾದರಿಯಾದ ಎಂಬ ಲೆಕ್ಕ. ನನ್ನನ್ನು ಕಾಡುವುದು ಇನ್ನೊಂದು ಲೆಕ್ಕ. ಮೊದಲ ಸಲಕ್ಕೂ ಏಳನೆಯ ಸಲಕ್ಕೂ ನಡುವಿನ ದಿನಗಳಲ್ಲಿ ಲೀಗ್ ಏನು ಮಾಡುತ್ತಿತ್ತು? ಅಮಾನತು ಬೇಕು ಎಂದೇ ನಾನು ಹೇಳುತ್ತೇನೆ. ಆದರೆ ಈ ಪ್ರಶ್ನೆಗೆ ಕಾಗದಪತ್ರ ತೆರೆದಿಟ್ಟು ಉತ್ತರ ಕೊಡಲಾಗದ ಲೀಗ್‌ಗೆ ಯಾರನ್ನೂ ಹೊರಗೆ ಕಳಿಸುವ ಹಕ್ಕಿಲ್ಲ.

ಒಂದು ಗೋಜಲನ್ನು ಮೊದಲೇ ಬಿಡಿಸಿಕೊಳ್ಳೋಣ. ಉದ್ದೀಪನ ಮದ್ದು ಬೇರೆ, ಮಾದಕ ವಸ್ತು ಬೇರೆ. ಸ್ಟೆರಾಯ್ಡ್ ಚುಚ್ಚಿಸಿಕೊಂಡವನು ಎದುರಾಳಿಯ ಪದಕವನ್ನೋ ಸಂಬಳವನ್ನೋ ಕದಿಯುತ್ತಾನೆ. ಅಲ್ಲಿ ಎಣಿಸಿ ಶಿಕ್ಷಿಸುವುದರಲ್ಲಿ ತಪ್ಪಿಲ್ಲ. ಅಮೆರಿಕದ ಬೇಸ್‌ಬಾಲ್ ಈಗ ಹಾಗೆಯೇ ಮಾಡುತ್ತದೆ: ಮೊದಲ ಸಲ 80 ಪಂದ್ಯ, ಎರಡನೆಯ ಸಲ 162 ಪಂದ್ಯ, ಎಂದರೆ ಇಡೀ ಋತು, ಮೂರನೆಯ ಸಲ ಶಾಶ್ವತವಾಗಿ ಹೊರಗೆ. ನ್ಯೂಯಾರ್ಕ್ ಮೆಟ್ಸ್‌ನ ಪಿಚರ್ ಹೆನ್ರಿ ಮೆಹಿಯಾ 2016ರ ಫೆಬ್ರುವರಿಯಲ್ಲಿ ಮೂರನೆಯ ಸಲ ಸಿಕ್ಕಿಬಿದ್ದಾಗ ನನಗೆ ಮರುಕ ಹುಟ್ಟಲಿಲ್ಲ. ಉದ್ದೀಪನ ಮದ್ದಿನಲ್ಲೂ ಪಾಪ ಎನಿಸುವ ಪ್ರಕರಣಗಳು ಇಲ್ಲದಿಲ್ಲ. ನಮ್ಮ ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿ ಮತ್ತು ರಿಲೇ ಸಂಗಾತಿಗಳು 2011ರಲ್ಲಿ ಸಿಕ್ಕಿಬಿದ್ದಾಗ, ವಿದೇಶಿ ತರಬೇತುದಾರ ಕೊಟ್ಟ ಜಿನ್ಸೆಂಗ್‌ನಲ್ಲಿ ಸ್ಟೆರಾಯ್ಡ್ ಬೆರೆತಿತ್ತು ಎಂದು ಗೋಗರೆದರು. ಆದರೂ ಎರಡು ವರ್ಷ ಓಡುವಂತಿರಲಿಲ್ಲ. ಆ ನಿಯಮ ಕಠಿಣ, ಆದರೆ ಅದರ ತರ್ಕ ಅರ್ಥವಾಗುತ್ತದೆ. ಕೊಕೇನ್ ಚಟಕ್ಕೆ ಬಿದ್ದವನ ವಿಷಯ ಹಾಗಲ್ಲ. ಅವನು ಕದಿಯುವುದು ತನ್ನಿಂದಲೇ.

ಚಟವನ್ನೂ ಹೀಗೆಯೇ ಎಣಿಸಿ ಶಿಕ್ಷಿಸಿದ ಕಾಲವೊಂದಿತ್ತು. ಅದನ್ನು ತಿಳಿಯಲು 1986ಕ್ಕೆ ಹೋಗಬೇಕು.

ಆ ವರ್ಷದ ಫೆಬ್ರುವರಿ 25ರಂದು ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ತನ್ನ ತಾರೆಗಳಲ್ಲೊಬ್ಬನಾದ ಮೈಕಲ್ ರೇ ರಿಚರ್ಡ್‌ಸನ್‌ನನ್ನು ಹೊರಹಾಕಿತು. ನಾಲ್ಕು ಸಲ ಆಲ್‌ಸ್ಟಾರ್ ಪಂದ್ಯಕ್ಕೆ ಆಯ್ಕೆಯಾಗಿದ್ದವನು. ಮೂರು ವರ್ಷ ಹಿಂದೆ, 1983ರಲ್ಲಿ, ಲೀಗ್ ಮತ್ತು ಆಟಗಾರರ ಸಂಘ ಸೇರಿ ಒಂದು ಒಪ್ಪಂದ ಮಾಡಿಕೊಂಡಿದ್ದವು. ಚಟವಿದೆ ಎಂದು ತಾನಾಗಿ ಬಂದು ಹೇಳಿಕೊಂಡವನಿಗೆ ಮೊದಲ ಸಲ ಸಂಬಳಸಮೇತ ಚಿಕಿತ್ಸೆ. ಎರಡನೆಯ ಸಲ ಚಿಕಿತ್ಸೆ ಉಂಟು, ಸಂಬಳವಿಲ್ಲ. ಮೂರನೆಯ ಸಲ ಹೊರಗೆ. ಎರಡು ವರ್ಷ ಕಳೆದ ಮೇಲೆ ಮರಳಿ ಬರಲು ಅರ್ಜಿ ಹಾಕಬಹುದು. ಆ ಕಾಲಕ್ಕೆ ಇದು ದೊಡ್ಡ ಹೆಜ್ಜೆ ಎಂದೇ ನಾನು ನಂಬುತ್ತೇನೆ. ತಾನೇ ಬಾಯಿ ಬಿಟ್ಟವನಿಗೆ ಮೊದಲ ಸಲ ಶಿಕ್ಷೆಯಿಲ್ಲ ಎಂಬ ಮಾತನ್ನು ಅದು ನಿಯಮದಲ್ಲೇ ಬರೆದಿಟ್ಟಿತು.

ಮೂರೇ ದಿನಕ್ಕೆ, ಫೆಬ್ರುವರಿ 28ರಂದು, ಬೇಸ್‌ಬಾಲ್ ಕಮಿಷನರ್ ಪೀಟರ್ ಯೂಬರಾತ್ 11 ಆಟಗಾರರಿಗೆ ಅಮಾನತು ಘೋಷಿಸಿದರು. ಹಿಂದಿನ ವರ್ಷ ಪಿಟ್ಸ್‌ಬರ್ಗ್‌ನಲ್ಲಿ ಕೊಕೇನ್ ಮಾರಾಟದ ಮೊಕದ್ದಮೆ ನಡೆದಿತ್ತು. ಆಟಗಾರರು ಸಾಲಾಗಿ ಬಂದು ಸಾಕ್ಷಿ ಹೇಳಿದ್ದರು. ಹೇಳಿದ್ದಕ್ಕೆ ಮೊಕದ್ದಮೆಯಿಂದ ರಕ್ಷಣೆ ಪಡೆದಿದ್ದರು. ಟಿಮ್ ರೇನ್ಸ್ ಎಂಬ ಆಟಗಾರ ಹಿಂಬದಿ ಜೇಬಿನಲ್ಲಿ ಕೊಕೇನ್ ಶೀಶೆ ಇಟ್ಟುಕೊಂಡೇ ಆಡುತ್ತಿದ್ದ. ಅದು ಒಡೆಯಬಾರದೆಂದು ಬೇಸ್‌ಗೆ ಜಾರುವಾಗ ತಲೆ ಮುಂದು ಮಾಡಿ ಜಾರುತ್ತಿದ್ದನಂತೆ. ಏಳು ಜನರಿಗೆ ಒಂದಿಡೀ ವರ್ಷದ ಅಮಾನತು ಬಿತ್ತು. ಆದರೆ ಜೊತೆಗೇ ಒಂದು ಕಿಟಕಿ: ವರ್ಷದ ಮೂಲ ಸಂಬಳದಲ್ಲಿ ಶೇ 10ರಷ್ಟನ್ನು ಮಾದಕ ವಸ್ತು ತಡೆಯುವ ಕೆಲಸಕ್ಕೆ ಕೊಟ್ಟು, 100 ಗಂಟೆ ಸಮಾಜಸೇವೆ ಮಾಡಿ, ಯಾವಾಗ ಬೇಕೆಂದರೆ ಆವಾಗ ಪರೀಕ್ಷೆಗೆ ಒಪ್ಪಿದರೆ ಆಡಬಹುದು. ಎಲ್ಲರೂ ಆಡಿದರು. ಅವರಿಗೆ ಕೊಕೇನ್ ಮಾರಿದ ಫಿಲಡೆಲ್ಫಿಯಾದ ಅಡುಗೆ ಗುತ್ತಿಗೆದಾರನಿಗೆ ಮಾತ್ರ 12 ವರ್ಷ ಜೈಲು. ಅದಕ್ಕೂ ಎರಡು ವರ್ಷ ಹಿಂದೆ ಸ್ಟೀವ್ ಹೌ 1984ರ ಇಡೀ ಋತು ಮನೆಯಲ್ಲಿ ಕುಳಿತಿದ್ದ. ಅವನಿಗೆ ಇಂಥ ಕಿಟಕಿ ತೆರೆದಿರಲಿಲ್ಲ. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ.

ಇನ್ನು ಜೂನ್. 17ರಂದು ಎನ್‌ಬಿಎ ತಂಡಗಳು ಹೊಸಬರನ್ನು ಆರಿಸಿಕೊಳ್ಳುವ ಡ್ರಾಫ್ಟ್ ನಡೆಯಿತು. ಎರಡನೆಯವನಾಗಿ ಬಾಸ್ಟನ್ ಸೆಲ್ಟಿಕ್ಸ್ ಪಾಲಾದವನು ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಲೆನ್ ಬಯಸ್. ವಯಸ್ಸು 22. ಜೂನ್ 19ರ ಬೆಳಿಗ್ಗೆ ಕೊಕೇನ್ ಅವನನ್ನು ಕೊಂದಿತು. ನಡುವೆ ಎರಡೇ ರಾತ್ರಿ. ಆ ಸಾವಿನ ಆಘಾತದಲ್ಲಿ ಅಮೆರಿಕದ ಸಂಸತ್ತು ಅದೇ ವರ್ಷ ಹೊಸ ಕಾನೂನು ತಂದಿತು. 5 ಗ್ರಾಮ್ ಕ್ರ್ಯಾಕ್ ಕೊಕೇನ್ ಇಟ್ಟುಕೊಂಡು ವ್ಯಾಪಾರ ಮಾಡಿದವನಿಗೆ ಕನಿಷ್ಠ 5 ವರ್ಷ ಜೈಲು. ಪುಡಿ ಕೊಕೇನ್ ಆದರೆ ಅಷ್ಟೇ ಶಿಕ್ಷೆಗೆ 500 ಗ್ರಾಮ್ ಇರಬೇಕು. ಬಯಸ್ ಸೇವಿಸಿದ್ದು ಪುಡಿಯನ್ನು. ಕ್ರ್ಯಾಕ್ ಬಡ ಕಪ್ಪು ಜನರ ಕೇರಿಗಳಲ್ಲಿ ಓಡಾಡುತ್ತಿದ್ದ ಸರಕು. ಒಬ್ಬ ಕಪ್ಪು ಹುಡುಗನ ಸಾವಿಗೆ ಮರುಗಿ ಬರೆದ ಕಾನೂನು ಸಾವಿರಾರು ಕಪ್ಪು ಹುಡುಗರನ್ನು ಜೈಲಿಗೆ ತುಂಬಿತು. ಈ ಕಾನೂನಿನ ಮಾತು ಮುಂದೆ ಮತ್ತೊಮ್ಮೆ ಬರುತ್ತದೆ.

ಆ ಡ್ರಾಫ್ಟ್‌ನ ಪಟ್ಟಿಯನ್ನು ಓದುವಾಗ ನನ್ನ ಕೈ ಪುಟದ ಮೇಲೆ ನಿಂತುಬಿಡುತ್ತದೆ. ಎರಡನೆಯವನು ಬಯಸ್, ಸತ್ತ. ಮೂರನೆಯವನು ಕ್ರಿಸ್ ವಾಶ್‌ಬರ್ನ್, ಮೂರು ವರ್ಷದಲ್ಲಿ ನಿಷೇಧಕ್ಕೆ ಒಳಗಾದ. ಆರನೆಯವನು ವಿಲಿಯಂ ಬೆಡ್‌ಫರ್ಡ್, ಮಾದಕ ವಸ್ತುವಿಗೆ ಸಿಕ್ಕಿ ಕೊನೆಗೆ ಜೈಲು ಕಂಡ. ಏಳನೆಯವನು ರಾಯ್ ಟಾರ್ಪ್ಲಿ. 1991ರಲ್ಲಿ ನಿಷೇಧ, 1994ರಲ್ಲಿ ಮರಳಿಕೆ, 1995ರಲ್ಲಿ ಮತ್ತೆ ನಿಷೇಧ, ಆಮೇಲೆ ಎನ್‌ಬಿಎ ಅಂಗಳಕ್ಕೆ ಕಾಲಿಡಲೇ ಇಲ್ಲ. ಚಟವೂ ಒಂದು ಅಂಗವೈಕಲ್ಯ, ಅದರ ಕಾರಣಕ್ಕೆ ನನ್ನನ್ನು ದೂರ ಇಡುವುದು ಭೇದಭಾವ ಎಂದು 2007ರಲ್ಲಿ ಲೀಗ್ ಮೇಲೆ ಮೊಕದ್ದಮೆ ಹೂಡಿದ. ಅದು ರಾಜಿಯಲ್ಲಿ ಮುಗಿಯಿತು. 2015ರ ಜನವರಿಯಲ್ಲಿ ತೀರಿಕೊಂಡಾಗ ಅವನಿಗೆ ಐವತ್ತೇ ವರ್ಷ.

ಮೈಕಲ್ ರೇ ರಿಚರ್ಡ್‌ಸನ್‌ನದು ಬೇರೆಯೇ ಕತೆ. ಎರಡು ವರ್ಷ ಕಳೆದು ಲೀಗ್ ಅವನಿಗೆ ಬಾಗಿಲು ತೆರೆದರೂ ಅವನು ಹಿಂದಿರುಗದೆ ಯೂರೋಪಿನಲ್ಲಿ ವರ್ಷಗಟ್ಟಲೆ ಆಡಿದ. ತನ್ನನ್ನು ಹೊರಹಾಕಿದ ಕಮಿಷನರ್ ಡೇವಿಡ್ ಸ್ಟರ್ನ್ ತನ್ನ ಜೀವ ಉಳಿಸಿದರು ಎಂದು ಅವನೇ ಸಂದರ್ಶನಗಳಲ್ಲಿ ಹೇಳಿದ್ದ. ಅಮಾನತನ್ನು ಪೂರಾ ವಿರೋಧಿಸುವವರಿಗೆ ನಾನು ಕೊಡುವ ಉತ್ತರ ಇವನೇ. ಕೆಲವರಿಗೆ ಬಾಗಿಲು ಮುಚ್ಚಿದ ಸದ್ದು ಕೇಳಿದರೇ ಎಚ್ಚರ. ಒಂದೇ ನಿಯಮ ಒಬ್ಬನನ್ನು ಉಳಿಸಿತು, ಇನ್ನೊಬ್ಬನನ್ನು ಉಳಿಸಲಿಲ್ಲ. ಅಂದ ಮೇಲೆ ಎಲ್ಲರಿಗೂ ಒಂದೇ ಕ್ಯಾಲೆಂಡರ್ ಹಿಡಿದು ಶಿಕ್ಷೆ ಅಳೆಯುವುದು ಹೇಗೆ?

ಇಲ್ಲಿ ನಮ್ಮ ಮನೆಯ ಮಾತೊಂದನ್ನು ಹೇಳಬೇಕು. ನನ್ನ ಸೋದರಮಾವ ಊರಿನ ಕ್ಲಬ್ಬೊಂದಕ್ಕೆ ವಾಲಿಬಾಲ್ ಆಡುತ್ತಿದ್ದರು. ನೆಟ್ ಪಕ್ಕ ಅವರು ನೆಗೆದರೆ ನಮಗೆ, ಮಕ್ಕಳಿಗೆ, ಅವರ ಬೂಟಿನ ತಳ ಕಾಣುತ್ತಿತ್ತು. ಕುಡಿತವೂ ಇತ್ತು. ಎರಡು ಸಲ ಮದ್ಯವರ್ಜನ ಶಿಬಿರಕ್ಕೆ ಹೋಗಿ ಬಂದರು. ಎರಡು ಸಲವೂ ಕೆಲವು ತಿಂಗಳು ನೆಟ್ಟಗಿದ್ದು ಮತ್ತೆ ಬಿದ್ದರು. ಮೂರನೆಯ ಸಲ ಬಿದ್ದಾಗ ಕುಡಿದೇ ಅಂಗಳಕ್ಕೆ ಬಂದರು, ಕ್ಲಬ್ಬಿನವರು ಹೆಸರು ಹೊಡೆದುಹಾಕಿದರು. ತಪ್ಪೇನಿಲ್ಲ ಎಂದೇ ಊರೆಲ್ಲ ಹೇಳಿತು. ಮನೆಯಲ್ಲಿ ನಮಗೆ ಮಾತ್ರ ಗೊತ್ತಿದ್ದ ಸಂಗತಿಯೆಂದರೆ, ಪಂದ್ಯವಿರುವ ವಾರ ಮಾವ ಗ್ಲಾಸು ಮುಟ್ಟುತ್ತಿರಲಿಲ್ಲ. ಆ ಮೂರನೆಯ ಸಲ ಒಂದನ್ನು ಬಿಟ್ಟು. ಹೆಸರು ಹೋದ ಮೇಲೆ ಎಲ್ಲ ವಾರಗಳೂ ಒಂದೇ ಆದವು. ಸಂಜೆ ಐದಾಗುತ್ತಿದ್ದಂತೆ ಅವರು ಜಗಲಿಯಲ್ಲಿ ಎದ್ದು ಕೂತು, ಮತ್ತೆ ಎದ್ದು ಕೂತು ಮಾಡುವುದನ್ನು ನೋಡಿ ಅಜ್ಜಿ ನನ್ನ ಹತ್ತಿರ, "ಆಟ ಇದ್ದಿದ್ರೆ ಇಷ್ಟೊತ್ತಿಗೆ ಬೂಟು ಕಟ್ಕೊಂಡು ಹೋಗಿರ್ತಿದ್ದ ಕಣೋ ಮಗಾ" ಅಂದಿದ್ದರು. ಆಡಬೇಡ ಎನ್ನುವುದು ಸರಿ. ಅಂಗಳಕ್ಕೇ ಬರಬೇಡ ಎಂದದ್ದು ಸರಿಯೇ? ಚೆಂಡು ಹೆಕ್ಕಿಕೊಡಲು, ಹುಡುಗರಿಗೆ ಸರ್ವ್ ಕಲಿಸಲು, ನೆಟ್ ಕಟ್ಟಲು ಯಾರಾದರೂ ಕರೆದಿದ್ದರೆ? ಈ ಪ್ರಶ್ನೆ ನನ್ನೊಳಗೆ ಇವತ್ತಿಗೂ ಆರಿಲ್ಲ.

ಎಲ್ಲರ ಚಟವೂ ನನ್ನ ಮಾವನದರಂತೆ ಇರುವುದಿಲ್ಲ. ಅಮೆರಿಕನ್ ಫುಟ್‌ಬಾಲ್‌ನ ಜಾಶ್ ಗಾರ್ಡನ್, ತಾನು ಬಹುಶಃ ಪ್ರತಿ ಪಂದ್ಯಕ್ಕೂ ಮುಂಚೆ ಏನಾದರೊಂದು ಸೇವಿಸಿಯೇ ಆಡಿದ್ದೇನೆ ಎಂದು 2017ರಲ್ಲಿ ಹೇಳಿಕೊಂಡ. ಅವನ ಕತೆಯಲ್ಲಿ ಲೀಗ್‌ನ ಹುಚ್ಚು ಲೆಕ್ಕವೂ ಇದೆ, ಅವನ ನಿಜವಾದ ಕಾಯಿಲೆಯೂ ಇದೆ. 2013ರಲ್ಲಿ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಪರ ಬರೀ 14 ಪಂದ್ಯ ಆಡಿ ಪಾಸ್ ಹಿಡಿದು 1,646 ಗಜ ಗಳಿಸಿ, ಅದರಲ್ಲಿ ಆ ಆಟದ ಲೀಗ್ ಎನ್‌ಎಫ್‌ಎಲ್‌ಗೇ ಮೊದಲಿಗನಾಗಿದ್ದ. ಮುಂದಿನ ವರ್ಷ ಗಾಂಜಾ ಪರೀಕ್ಷೆ. ಲೀಗ್ ಇಟ್ಟಿದ್ದ ಮಿತಿ ಒಂದು ಮಿಲಿಲೀಟರ್ ಮೂತ್ರಕ್ಕೆ 15 ನ್ಯಾನೊಗ್ರಾಮ್; ಒಲಿಂಪಿಕ್ಸ್‌ಗೆ ಅನ್ವಯವಾಗುವ ಮಿತಿ ಅದರ ಹತ್ತರಷ್ಟು, 150. ಒಂದೇ ಮೂತ್ರವನ್ನು ಎರಡು ಶೀಶೆಗೆ ಹಾಕಿದ್ದರು. ಮೊದಲ ಶೀಶೆಯಲ್ಲಿ 16, ಎರಡನೆಯದರಲ್ಲಿ 13.6. ಶೀಶೆಗಳಿಗೆ ಚೀಟಿ ಅಂಟಿಸಿದ ಕೈ ಒಂದರದು ಇನ್ನೊಂದಕ್ಕೆ ಅಂಟಿಸಿದ್ದರೆ ಅವನು ಪಾಸು. ಬಿದ್ದದ್ದು ಒಂದು ವರ್ಷದ ಅಮಾನತು. ನಿಯಮ ತಿದ್ದಿದ ಮೇಲೆ ಅದು 10 ಪಂದ್ಯಕ್ಕೆ ಇಳಿಯಿತು. ಅದೇ ಬೇಸಿಗೆಯಲ್ಲಿ, ಮದುವೆಯಾಗಲಿದ್ದವಳನ್ನು ಲಿಫ್ಟ್‌ನಲ್ಲಿ ಹೊಡೆದು ಪ್ರಜ್ಞೆ ತಪ್ಪಿಸಿದ ಇನ್ನೊಬ್ಬ ತಾರೆಗೆ ಇದೇ ಲೀಗ್ ಮೊದಲು ಕೊಟ್ಟದ್ದು 2 ಪಂದ್ಯದ ಅಮಾನತು. ವಿಡಿಯೊ ಹೊರಬಂದು ದೇಶವೇ ಉಗಿದ ಮೇಲೆ ಅದನ್ನು ಹೆಚ್ಚಿಸಿತು.

ಗಾರ್ಡನ್ ಮರಳಿದ, ಸಿಕ್ಕಿಬಿದ್ದ, ಮತ್ತೆ ಮರಳಿದ. ಒಂದು ಸಲವಂತೂ ಅವನನ್ನು ಇಡೀ 2015ರ ಋತುವಿಗೆ ಹೊರಗಿಟ್ಟದ್ದು ಮದ್ಯಕ್ಕಾಗಿ. ಕಾನೂನು ಒಪ್ಪುವ ಮದ್ಯ, ಲೀಗ್ ತನ್ನ ಪಂದ್ಯಗಳ ನಡುವೆ ಜಾಹೀರಾತು ಹಾಕಿಸಿಕೊಳ್ಳುವ ಮದ್ಯ. ಅವನ ಹಿಂದಿನ ಪ್ರಕರಣಗಳಿಂದಾಗಿ ಅದು ಅವನಿಗೆ ನಿಷಿದ್ಧವಾಗಿತ್ತು. ಲೀಗ್ ಆಮೇಲೆ ಪಾಠ ಕಲಿಯಿತು ಎನ್ನಬೇಕು. 2020ರ ಒಪ್ಪಂದದಲ್ಲಿ ಗಾಂಜಾ ಮಿತಿ 150ಕ್ಕೆ ಏರಿತು, ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ಮಾತ್ರಕ್ಕೆ ಅಮಾನತು ಎಂಬುದು ಹೋಯಿತು. 2023ರಲ್ಲಿ ಎನ್‌ಬಿಎ ಗಾಂಜಾವನ್ನು ತನ್ನ ಪಟ್ಟಿಯಿಂದಲೇ ತೆಗೆಯಿತು. ಹಿಂದೆ ಎನ್‌ಎಫ್‌ಎಲ್‌ನಲ್ಲಿ ರಿಕಿ ವಿಲಿಯಮ್ಸ್ ಎಂಬ ಅಪೂರ್ವ ಓಟಗಾರ ಮಾದಕ ವಸ್ತು ನಿಯಮವನ್ನು ಮತ್ತೆ ಮತ್ತೆ ಮುರಿದದ್ದಕ್ಕೆ 2006ರ ಇಡೀ ಋತು ಕಳೆದುಕೊಂಡಿದ್ದ. ಜನರ ನಡುವೆ ನಿಲ್ಲಲು ಹೆದರಿಕೆ, ಅದಕ್ಕೆ ಗಾಂಜಾ ಎನ್ನುತ್ತಿದ್ದ. ಆಟ ಬಿಟ್ಟು ದೂರವಿದ್ದ ದಿನಗಳಲ್ಲಿ ಕ್ಯಾಲಿಫೋರ್ನಿಯಾದ ಕಾಲೇಜೊಂದರಲ್ಲಿ ಕುಳಿತು ಆಯುರ್ವೇದ ಓದಿದ.

ಇಷ್ಟಕ್ಕೂ ಲೀಗ್‌ಗಳ ಕೈ ಶುದ್ಧವಿತ್ತೆ? ಗಾಯಗೊಂಡ ಆಟಗಾರನನ್ನು ಭಾನುವಾರದ ಪಂದ್ಯಕ್ಕೆ ನಿಲ್ಲಿಸಲು ತಂಡದವರೇ ನೋವಿನ ಮಾತ್ರೆಗಳನ್ನು ಲೆಕ್ಕವಿಲ್ಲದೆ ಹಂಚಿದರು ಎಂದು ಎನ್‌ಎಫ್‌ಎಲ್‌ನ ನಿವೃತ್ತ ಆಟಗಾರರು 2014ರಲ್ಲಿ ನ್ಯಾಯಾಲಯದ ಮೆಟ್ಟಿಲು ಹತ್ತಿದರು. 2019ರ ಜುಲೈ 1ರಂದು ಬೇಸ್‌ಬಾಲ್ ತಂಡ ಏಂಜಲ್ಸ್‌ನ ಪಿಚರ್ ಟೈಲರ್ ಸ್ಕ್ಯಾಗ್ಸ್ ಟೆಕ್ಸಾಸ್‌ನ ಹೋಟೆಲ್ ಕೋಣೆಯಲ್ಲಿ ಹೆಣವಾಗಿ ಸಿಕ್ಕ. 27 ವರ್ಷ. ಮೈಯಲ್ಲಿ ಆಕ್ಸಿಕೊಡೋನ್, ಫೆಂಟನಿಲ್, ಮದ್ಯ. ಆ ಮಾತ್ರೆ ತಂದುಕೊಟ್ಟ ಅಪರಾಧಕ್ಕೆ 22 ವರ್ಷ ಜೈಲಿಗೆ ಹೋದವನು ಅದೇ ತಂಡದ ಸಂಪರ್ಕ ವಿಭಾಗದ ನೌಕರ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಸ್ಕ್ಯಾಗ್ಸ್ ಸತ್ತ ಐದು ತಿಂಗಳಿಗೆ, ಡಿಸೆಂಬರ್‌ನಲ್ಲಿ, ಬೇಸ್‌ಬಾಲ್ ನಿಯಮ ಬದಲಿಸಿತು. ಅಫೀಮು ಜಾತಿಯ ಮದ್ದುಗಳಿಗೂ ಕೊಕೇನ್‌ಗೂ ಪರೀಕ್ಷೆ ಬಂತು. ಆದರೆ ಸಿಕ್ಕಿಬಿದ್ದವನು ಹೋಗುವುದು ಚಿಕಿತ್ಸೆಗೆ. ಚಿಕಿತ್ಸೆಗೆ ಒಪ್ಪದವನಿಗೆ, ಒಪ್ಪಿ ಕೈಕೊಟ್ಟವನಿಗೆ ಮಾತ್ರ ಶಿಕ್ಷೆ. ಸ್ಟೀವ್ ಹೌಗೆ ಈ ನಿಯಮ ಮೂವತ್ತೈದು ವರ್ಷ ತಡವಾಯಿತು.

ನನ್ನ ಮನಸ್ಸಿನಲ್ಲಿರುವ ಅಮಾನತು ಹೇಗಿರುತ್ತದೆ ಎಂದು ಹೇಳಿಬಿಡುತ್ತೇನೆ. ಅಮಲಿನಲ್ಲಿರುವವನನ್ನು ಅಂಗಳಕ್ಕೆ ಇಳಿಸಕೂಡದು. ಗಂಟೆಗೆ 140 ಕಿಲೋಮೀಟರ್ ವೇಗದ ಚೆಂಡು ತಲೆಯ ಪಕ್ಕ ಹಾಯುವ ಆಟದಲ್ಲಿ, ನೂರು ಕಿಲೋ ತೂಕದವರು ಡಿಕ್ಕಿ ಹೊಡೆಯುವ ಆಟದಲ್ಲಿ ಇದಕ್ಕೆ ವಿನಾಯಿತಿ ಇಲ್ಲ. ಆದ್ದರಿಂದ ಅಮಾನತು ಆಗಲೇಬೇಕು, ಮೊದಲ ಸಲವೂ, ಏಳನೆಯ ಸಲವೂ. ಆದರೆ ಅದು ಮುಗಿಯುವ ದಿನವನ್ನು ವೈದ್ಯರು ಹೇಳಲಿ, ಲೀಗ್‌ನ ವಕೀಲರಲ್ಲ. ಸಂಬಳದ ಒಂದು ಪಾಲಾದರೂ ಮನೆಗೆ ಹೋಗಲಿ. ಹೆಂಡತಿ ಮಕ್ಕಳು ಕೊಕೇನ್ ಸೇವಿಸಿಲ್ಲ. ಪಂದ್ಯ ಬೇಡ, ಅಭ್ಯಾಸ ಇರಲಿ. ಪರೀಕ್ಷೆ ವರ್ಷವಿಡೀ ನಡೆಯಲಿ, ಅದರಲ್ಲೂ ಆಟವಿಲ್ಲದ ತಿಂಗಳುಗಳಲ್ಲಿ, ಏಕೆಂದರೆ ಸಂಜೆಗಳು ಖಾಲಿಯಾಗುವುದು ಆಗಲೇ. ಚಟದ ಕಾಯಿಲೆಗೆ ಚಿಕಿತ್ಸೆ ಕೊಡುವ ಯಾವ ವೈದ್ಯರನ್ನು ಕೇಳಿದರೂ, ನಮ್ಮ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗದ ಬಾಗಿಲಲ್ಲಿ ನಿಂತು ಕೇಳಿದರೂ, ಮರಳಿ ಬೀಳುವುದು ಈ ಕಾಯಿಲೆಯ ಒಂದು ಲಕ್ಷಣ ಎನ್ನುತ್ತಾರೆ. ಸಕ್ಕರೆ ಕಾಯಿಲೆಯವರ ಸಕ್ಕರೆ ಮತ್ತೆ ಏರಿದರೆ ನಾವು ಅವರನ್ನು ಆಸ್ಪತ್ರೆಯಿಂದ ಓಡಿಸುವುದಿಲ್ಲ.

ಇದಕ್ಕೆ ಎದುರಾಗಿ ಬರುವ ಒಂದು ವಾದವನ್ನು ನಾನು ತಳ್ಳಿಹಾಕಲಾರೆ. ತಂಡದಲ್ಲಿರುವ ಜಾಗಗಳು ಎಣಿಸಿದಷ್ಟು. ಏಳು ಸಲ ಬಿದ್ದವನಿಗಾಗಿ ಕಾದಿಟ್ಟ ಜಾಗದಿಂದಾಗಿ, ಒಮ್ಮೆಯೂ ತಪ್ಪು ಮಾಡದೆ ಕಿರಿಯ ತಂಡದಲ್ಲಿ ಬಸ್ಸಿನಲ್ಲಿ ಊರೂರು ತಿರುಗುವ ಹುಡುಗನೊಬ್ಬ ಕೊನೆಯವರೆಗೂ ಮೇಲೆ ಬರದೇ ಹೋಗಬಹುದು. ಅವನ ಹೆಸರು ಯಾವ ಪತ್ರಿಕೆಯಲ್ಲೂ ಬರುವುದಿಲ್ಲ. ಆ ಹುಡುಗನಿಗೆ ಸಲ್ಲಬೇಕಾದ್ದು ಸಲ್ಲಲಿ: ಅಮಾನತಾದವನ ಜಾಗ ಅಷ್ಟು ದಿನ ಅವನದಾಗಲಿ, ಚೆನ್ನಾಗಿ ಆಡಿದರೆ ಆಮೇಲೂ ಅವನದೇ ಇರಲಿ. ಚಿಕಿತ್ಸೆ ಮುಗಿಸಿ ಬಂದವನು ಸ್ಪರ್ಧಿಸಿ ಗೆದ್ದುಕೊಳ್ಳಲಿ. ಲೀಗ್ ಅವನಿಗೆ ಬಾಕಿ ಇರುವುದು ಆರೈಕೆಯನ್ನು, ಜಾಗವನ್ನಲ್ಲ.

ಕ್ರಿಕೆಟ್ ಈ ದಾರಿಯಲ್ಲಿ ಎಲ್ಲಿದೆ? 2019ರ ವಿಶ್ವಕಪ್‌ಗೆ ಸ್ವಲ್ಪ ಮೊದಲು ಇಂಗ್ಲೆಂಡಿನ ಅಲೆಕ್ಸ್ ಹೇಲ್ಸ್ ಮಾದಕ ವಸ್ತು ಪರೀಕ್ಷೆಯಲ್ಲಿ ಸಿಕ್ಕಿಬಿದ್ದ. ನಿಯಮದಂತೆ 21 ದಿನದ ಅಮಾನತು, ಗುಟ್ಟಾಗಿ. ಗುಟ್ಟು ರಟ್ಟಾದ ಮೇಲೆ ವಿಶ್ವಕಪ್ ತಂಡದಿಂದಲೇ ಹೆಸರು ತೆಗೆದರು. ನಿಯಮ ಹೇಳಿದ ಶಿಕ್ಷೆ ಒಂದು, ಮರ್ಯಾದೆಗಂಜಿ ಕೊಟ್ಟ ಶಿಕ್ಷೆ ಇನ್ನೊಂದು. ಅದೇ ವರ್ಷ ಆಗಸ್ಟ್‌ನಲ್ಲಿ ನಮ್ಮ ಬಿಸಿಸಿಐ ವರ್ಷಗಳ ಹಟ ಬಿಟ್ಟು ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಘಟಕ ನಾಡಾದ ವ್ಯಾಪ್ತಿಗೆ ಬಂತು. ಜಾಗತಿಕ ಘಟಕ ವಾಡಾ 2021ರಿಂದ ತನ್ನ ನಿಯಮದಲ್ಲಿ ಕೊಕೇನ್, ಹೆರಾಯಿನ್, ಎಕ್ಸ್‌ಟಸಿ, ಗಾಂಜಾಗಳನ್ನು ಬೇರೆ ಗುಂಪಾಗಿ ಇಟ್ಟಿದೆ. ಪಂದ್ಯದ ಹೊರಗೆ, ಆಟಕ್ಕೆ ಲಾಭವಿಲ್ಲದೆ ಸೇವಿಸಿದ್ದಾದರೆ ಮೂರು ತಿಂಗಳ ಅಮಾನತು. ಚಿಕಿತ್ಸೆಯ ಕಾರ್ಯಕ್ರಮ ಮುಗಿಸಿದರೆ ಒಂದೇ ತಿಂಗಳು.

2025ರ ಏಪ್ರಿಲ್‌ನಲ್ಲಿ ಗುಜರಾತ್ ಟೈಟನ್ಸ್‌ನ ಕಗಿಸೊ ರಬಾಡ ಐಪಿಎಲ್ ನಡುವೆಯೇ ಊರಿಗೆ ಹೊರಟಾಗ ವೈಯಕ್ತಿಕ ಕಾರಣ ಎಂದಷ್ಟೇ ನಮಗೆ ತಿಳಿದಿತ್ತು. ಮೇ ತಿಂಗಳಲ್ಲಿ ಅವನೇ ಹೇಳಿದ: ಮಾದಕ ವಸ್ತು ಪರೀಕ್ಷೆಯಲ್ಲಿ ಸಿಕ್ಕಿಬಿದ್ದಿದ್ದೇನೆ, ಕ್ಷಮಿಸಿ. ಚಿಕಿತ್ಸೆಯ ಕಾರ್ಯಕ್ರಮ ಮುಗಿಸಿದ್ದರಿಂದ ಒಂದು ತಿಂಗಳಿಗೆ ಅಮಾನತು ತೀರಿತು. ಜೂನ್‌ನಲ್ಲಿ ಲಾರ್ಡ್ಸ್ ಮೈದಾನದ ವಿಶ್ವ ಟೆಸ್ಟ್ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಅವನು 9 ವಿಕೆಟ್ ಕಿತ್ತ, ದಕ್ಷಿಣ ಆಫ್ರಿಕಾ ಗೆದ್ದಿತು. ನಲವತ್ತು ವರ್ಷ ಹಿಂದೆ ಇದೇ ಒಂದು ತಪ್ಪಿಗೆ ಒಬ್ಬ ಆಟಗಾರ ಏನೆಲ್ಲ ಕಳೆದುಕೊಳ್ಳುತ್ತಿದ್ದ ಎಂದು ಅವತ್ತು ಟಿವಿ ಮುಂದೆ ಕೂತು ಯೋಚಿಸಿದೆ. ಆದರೆ ಇದು ಮೊದಲ ಸಲದ ಕತೆ. ಐಪಿಎಲ್‌ನ ಯಾವುದೋ ತಂಡದಲ್ಲಿ ನಾಳೆ ಒಬ್ಬ ಹುಡುಗ ಎರಡನೆಯ ಸಲ, ಮೂರನೆಯ ಸಲ ಬೀಳುತ್ತಾನೆ. ಹತ್ತೊಂಬತ್ತನೆಯ ವಯಸ್ಸಿಗೆ ಕೋಟಿ ಎಣಿಸಿ, ಎರಡು ತಿಂಗಳು ಹೋಟೆಲಿನಿಂದ ಹೋಟೆಲಿಗೆ ಓಡಾಡಿ, ಉಳಿದ ಹತ್ತು ತಿಂಗಳು ತನ್ನ ಪಾಡಿಗೆ ಇರುವ ಹುಡುಗ. ಆ ಹತ್ತು ತಿಂಗಳು ಅವನ ಬಾಗಿಲು ತಟ್ಟುವವರು ಯಾರು? ಫ್ರಾಂಚೈಸಿಗಳು ಹರಾಜಿಗೆ ಮುನ್ನ ಅವನ ಮೊಣಕಾಲಿನ ಸ್ಕ್ಯಾನ್ ನೋಡುತ್ತವೆ. ಅಷ್ಟೇ ಆಸ್ಥೆಯಿಂದ ಅವನ ಡಿಸೆಂಬರ್ ತಿಂಗಳನ್ನೂ ನೋಡಬೇಕು.

ಸ್ಟೀವ್ ಹೌ ಕೊನೆಗೆ ಏನಾದ ಎಂಬುದನ್ನು ಮುಚ್ಚಿಡಬಾರದು. ನಿಷೇಧ ರದ್ದಾದ ಮೇಲೆ ಯಾಂಕೀಸ್‌ಗೆ ಮರಳಿದ. 1994ರಲ್ಲಿ 15 ಪಂದ್ಯಗಳ ಗೆಲುವನ್ನು ಕಾಪಾಡಿಕೊಟ್ಟ, ಅವನ ಅತ್ಯುತ್ತಮ ವರ್ಷಗಳಲ್ಲೊಂದು. 1996ರ ಜೂನ್‌ನಲ್ಲಿ ತಂಡ ಕೈಬಿಟ್ಟಿತು. ಹತ್ತು ವರ್ಷದ ನಂತರ, 2006ರ ಏಪ್ರಿಲ್ 28ರಂದು, ಕ್ಯಾಲಿಫೋರ್ನಿಯಾದ ಕೋಚೆಲಾದಲ್ಲಿ ಅವನ ಪಿಕಪ್ ಟ್ರಕ್ ಮಗುಚಿತು. ಸಾಯುವಾಗ 48 ವರ್ಷ. ಮರಣೋತ್ತರ ಪರೀಕ್ಷೆಯಲ್ಲಿ ಮೆಥಾಂಫೆಟಮಿನ್ ಕಂಡಿತು. ವಿನ್ಸೆಂಟ್ ಮಾಡಿದ್ದೇ ಸರಿಯಿತ್ತು ಎಂದು ಇದನ್ನು ತೋರಿಸಿ ಹೇಳುವವರಿದ್ದಾರೆ. ನಾನು ಈ ಸಾವನ್ನು ಹಾಗೆ ಓದಲಾರೆ. ಅವನ ಬದುಕಿನಲ್ಲಿ ಅವನನ್ನು ಯಾರಾದರೂ ದಿನಬಿಟ್ಟು ದಿನ ಕಾಯುತ್ತಿದ್ದ ವರ್ಷಗಳಲ್ಲಿ ಅವನು ಆಡಿದ. ಕಾಯುವವರಿಲ್ಲದ ತಿಂಗಳುಗಳಲ್ಲಿ ಬಿದ್ದ.

ಇನ್ನೊಬ್ಬನ ಕತೆ ಉಳಿದಿದೆ. ವಿಲ್ಲಿ ಏಕನ್ಸ್, ಕಾನ್ಸಾಸ್ ಸಿಟಿ ರಾಯಲ್ಸ್‌ನ ಬ್ಯಾಟರ್. 1980ರ ವರ್ಲ್ಡ್ ಸೀರೀಸ್‌ನ ಎರಡು ಪಂದ್ಯಗಳಲ್ಲಿ ಎರಡೆರಡು ಹೋಮ್ ರನ್ ಬಾರಿಸಿದವನು. 1983ರಲ್ಲಿ ಕೊಕೇನ್ ಪ್ರಕರಣದಲ್ಲಿ ತಂಡದ ಇನ್ನೂ ಮೂವರ ಜೊತೆ ಮೂರು ತಿಂಗಳ ಜೈಲು, ಅಮಾನತು. ರಾಯಲ್ಸ್ ಅವನನ್ನು ಬೇರೆ ತಂಡಕ್ಕೆ ದಾಟಿಸಿತು. ಆಟ ಮುಗಿದ ಮೇಲೆ ಚಟ ಉಳಿಯಿತು. 1994ರಲ್ಲಿ ಮಾರುವೇಷದ ಪೊಲೀಸ್ ಅಧಿಕಾರಿಯೊಬ್ಬಳಿಗೆ ಕ್ರ್ಯಾಕ್ ಮಾರಿದ್ದಕ್ಕೆ 20 ವರ್ಷಕ್ಕೂ ಹೆಚ್ಚಿನ ಶಿಕ್ಷೆಯಾಯಿತು. ಲೆನ್ ಬಯಸ್ ಸತ್ತ ವರ್ಷ ಬರೆದ ಆ ಕಾನೂನಿನ ಲೆಕ್ಕ ಅದು. ಅಷ್ಟೇ ತೂಕದ ಪುಡಿ ಕೊಕೇನ್ ಆಗಿದ್ದರೆ ಶಿಕ್ಷೆ ಅದರ ಒಂದು ತುಣುಕಿನಷ್ಟಿರುತ್ತಿತ್ತು. ಕ್ರ್ಯಾಕ್ ಶಿಕ್ಷೆಗಳನ್ನು ಸಡಿಲಿಸಿದ ಮೇಲೆ 2008ರಲ್ಲಿ, 14 ವರ್ಷ ಕಳೆದು, ಹೊರಬಂದ. ರಸ್ತೆ ಕೆಲಸಕ್ಕೆ ಸೇರಿದ. 2011ರಲ್ಲಿ ಕಾನ್ಸಾಸ್ ಸಿಟಿ ರಾಯಲ್ಸ್ ಅವನನ್ನು ಕರೆದು, ತನ್ನ ಕಿರಿಯ ತಂಡಗಳ ಹುಡುಗರಿಗೆ ತರಬೇತುದಾರನನ್ನಾಗಿ ಇಟ್ಟುಕೊಂಡಿತು. ಕಲಿಸುತ್ತಿದ್ದುದು ಬ್ಯಾಟಿಂಗ್. ಬಿಡುವು ಸಿಕ್ಕಾಗ ಹುಡುಗರಿಗೆ ತನ್ನ ಕತೆಯನ್ನೂ ಹೇಳುತ್ತಿದ್ದ.